ಡಿಕ್ಕಿಯೊಳಗೆ ಅರ್ಧ ತಾಸು

ಡಿಕ್ಕಿ ಅಂದರೆ ನಮ್ಮ ಮಾತಿನಲ್ಲಿ ಎರಡು:
ಒಂದು ಹೊಡೆಯುವುದು, ಇನ್ನೊಂದು ತುಂಬುವುದು.
ಇದು ಎರಡನೆಯದರ ಸುದ್ದಿ.

ಎಪ್ಪತ್ತೈದರ ಮರ್ಸಿಡಿಸ್, ಕೆನೆಮೊಸರಿನ ಬಣ್ಣ,
ಅಜ್ಮಾನಿನ ಸನಾಯಿಯಾದಲ್ಲಿ ನಮ್ಮ ಶೆಡ್ಡಿನ ಮುಂದೆ
ಬಂದು ನಿಂತಿತು, ಹಿಂಬದಿ ತುಸು ಕುಸಿದು.
ಸೈಫ್ ಬಿನ್ ಉಬೈದ್ ಮುಚ್ಚಳ ಎತ್ತಿದರೆ
ಒಳಗೆ ನಾಲ್ಕು ಬೆರಳು ನೀರು,
ಸ್ಟೆಪ್ನಿ ಅದರಲ್ಲಿ ಎಮ್ಮೆಯ ಹಾಗೆ ಮಲಗಿದೆ.

ವರ್ಷಕ್ಕೆ ನಾಲ್ಕು ಮಳೆ ಕಾಣದ ಊರಲ್ಲಿ
ಇಷ್ಟು ನೀರು ಎಲ್ಲಿಯದು ಅನ್ನಬೇಡಿ.
ಜನವರಿಯ ಒಂದು ರಾತ್ರಿ ಸಾಕು,
ಮೇಲೆ ವಾರಕ್ಕೆರಡು ಸಲ ಪೈಪು ಹಿಡಿದು ತೊಳೆಯುವ ಅವನ ಪ್ರೀತಿ.
ಮೂರು ಗ್ಯಾರೇಜು ಮೂರು ಸಲ ರಬ್ಬರು ಬದಲಿಸಿದ್ದವು.
ಎತ್ತಿಗೆ ಜ್ವರ,
ಎಮ್ಮೆಗೆ ಬರೆ.

ನಾನು ದಾವಲಸಾಬ ನದಾಫ, ನರಗುಂದದ ಕಡೆಯವ.
ಕಾರ್ಡು ಓದಿ ಸೈಫ್ ನಕ್ಕ:
"ನದ್ದಾಫ್ ಅಂದರೆ ಹತ್ತಿ ಹಿಂಜುವವನಲ್ಲವೋ,
ನಿನಗೂ ಈ ತಗಡಿಗೂ ಏನು ಸಂಬಂಧ?"
ನನ್ನಜ್ಜ ಬಿಲ್ಲು ಹೊತ್ತು ಓಣಿ ಓಣಿ ತಿರುಗಿದ್ದು,
ಟಂಯ್ ಟಂಯ್ ಅಂತ ಮಂದಿಯ ಗಾದಿಗಳ ಗಂಟು ಬಿಡಿಸಿದ್ದು
ನನ್ನ ಹರಕು ಅರಬ್ಬಿಗೆ ನಿಲುಕಲಿಲ್ಲ.
ಹೌದು, ಅಂದೆ.
ಮೆಡಿಕಲ್ಲಿಗೆ ಕಳಿಸಿ ಎರಡು ಸುರುಳಿ ಹತ್ತಿ ತರಿಸಿದೆ.

ನೀರು ಮೊಗೆದು, ಒರೆಸಿ, ಒಂದು ಹಗಲು ಬಿಸಿಲಿಗೆ ಬಿಟ್ಟು
ಬೆಸುಗೆ ಕೂಡುವಲ್ಲೆಲ್ಲ, ದೀಪದ ಗೂಡುಗಳಲ್ಲಿ,
ಏರಿಯಲ್ಲಿನ ತೂತಿಗೆ, ಹಿಂಗಾಜಿನ ಕೆಳತುಟಿಗೆ
ಚಿಟಿಕೆ ಚಿಟಿಕೆ ಹತ್ತಿ ಅಂಟಿಸಿದೆ.
ಆಮೇಲೆ ಟಾರ್ಚು ಹಿಡಿದು ನಾನೇ ಒಳಗೆ ಮಡಚಿಕೊಂಡೆ.
ಗುಲ್‌ಜಮಾನ್ ಮುಚ್ಚಳ ಹಾಕಿದ.
"ಕೀಲಿಕೈ ನಿನ್ನ ಜೇಬಿನಲ್ಲಿಲ್ಲ ತಾನೆ?"
ಹೊರಗೆ ಅವನ ನಗೆ.

ಮೊದಲು ಬರೀ ಸದ್ದು, ತಗಡಿನ ಮೇಲೆ ಪೈಪಿನ ಹೊಡೆತ.
ಹಣೆಯ ಬೆವರು ಕಿವಿಯೊಳಕ್ಕೆ ಇಳಿಯಿತು; ಅದು ಲೆಕ್ಕಕ್ಕಿಲ್ಲ.
ರಬ್ಬರಿನ ಗುಂಟ ಬೆಳಕು ಓಡಿಸಿದೆ, ಒಣ.
ದೀಪದ ಗೂಡು, ಅದೂ ಒಣ.
ಬಲಗಾಲು ಜೋಮು ಹಿಡಿಯಿತು.
ಯಾರೂ ಇಲ್ಲದ ಕತ್ತಲಲ್ಲಿ ಒಂದು ತಪ್ಪಿಗಾಗಿ
ಇಷ್ಟು ಆಸೆಯಿಂದ ನಾನು ಎಂದೂ ಕಾದಿರಲಿಲ್ಲ.

ಆಗ ಹಿಂಗಾಜಿನ ಮೂಲೆಯ ಹತ್ತಿ
ಬಿಳಿಯಿಂದ ಬೂದಿಗೆ ತಿರುಗಿತು.
ಹನಿಯೊಂದು ತಯಾರಾಯಿತು, ಬೀಳಲಿಲ್ಲ,
ತಗಡಿನ ಹೊಟ್ಟೆ ಹಿಡಿದು, ಹಂಜಿಯಿಂದ ಎಳೆ ಬರುವ ಹಾಗೆ,
ಎರಡು ಮೊಳ ನಡೆದು
ರಬ್ಬರಿನ ಬುಡದಲ್ಲಿ ತೊಟ್ಟಿಕ್ಕಿತು.
ಬಿದ್ದದ್ದನ್ನು ಕಂಡವರು, ಹುಟ್ಟಿದ್ದೂ ಅಲ್ಲೇ ಅಂದಿದ್ದರು.

ಕ್ರೋಮಿನ ಪಟ್ಟಿ ಎಬ್ಬಿಸಿದರೆ ಅಡಿಗೆ ತುಕ್ಕು, ಅಕ್ಕಿಕಾಳಿನಷ್ಟು ತೂತು.
ಕೆರೆದೆ, ತವರ ತುಂಬಿದೆ,
ಸೀಲರು ಹಚ್ಚಿ ಬೆರಳಿನಿಂದಲೇ ತೀಡಿದೆ.
ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

ನೆಲಕ್ಕೆ ಬಣ್ಣ ಹೊಡೆಯೋಣವೆಂದು ಹಳೇ ಡಾಂಬರು ಕೆರೆದಾಗ
ನಾಲ್ಕು ಮೂಲೆಗೆ ನಾಲ್ಕು ದುಂಡು ತೇಪೆ.
ಕಂಪನಿಯ ತೂತಲ್ಲ, ಯಾರದೋ ಡ್ರಿಲ್ಲು ಓರೆಯಾಗಿ ಇಳಿದಿತ್ತು.
ವೆಲ್ಡಿಂಗಿನ ಸಂದಿಯಿಂದ ಮೀನಿನ ಹುರುಪೆಯೊಂದು
ಬೆರಳಿಗೆ ಅಂಟಿ ಹೊಳೆಯಿತು.

ಸೈಫ್ ಬಾಯಿ ಬಿಡಲು ಹೊತ್ತು ಹಿಡಿಯಿತು.
ಇಲ್ಲಿಯವರು ಕನಾದ್ ಅನ್ನುವ ಮೀನು, ಐಸಿನ ಸಮೇತ
ಅಪ್ಪ ಇದರಲ್ಲೇ ತುಂಬಿ ಅಲ್ ಐನಿಗೆ ಒಯ್ಯುತ್ತಿದ್ದನಂತೆ.
ಕರಗಿದ್ದು ಹರಿದುಹೋಗಲೆಂದು ಹೊಚ್ಚ ಹೊಸ ಕಾರಿಗೆ
ತಾನೇ ತೂತು ಕೊರೆದನಂತೆ.
ತಾಯಿ ಒಂದು ವಾರ ಮಾತು ಬಿಟ್ಟಿದ್ದಳಂತೆ.
ಅಪ್ಪ ಹೋದ ವರ್ಷ ಕಾರಿನ ಮರ್ಯಾದೆಗೆಂದು
ಸೈಫ್ ಎಲ್ಲವನ್ನೂ ಮುಚ್ಚಿಸಿದ.
"ಆವತ್ತಿನಿಂದಲೇ ನೀರು," ಅಂದ, ತನಗೇ ಎಂಬಂತೆ.

ನೀರು ಮೊದಲೂ ಬರುತ್ತಿತ್ತು, ಬಂದು ಹೋಗುತ್ತಿತ್ತು.
ಅದನ್ನು ಹೇಳಲಿಲ್ಲ. ಡ್ರಿಲ್ಲು ಅವನ ಕೈಗೆ ಕೊಟ್ಟೆ.
ಬಿಳೀ ಕಂದೂರ ಮೊಣಕಾಲಿಗೆ ಎತ್ತಿ ಕಟ್ಟಿ
ಮೊದಲ ತೂತು ಕೊರೆದ,
ಓರೆಯಾಗಿ.

ಬಿಲ್ಲಿನಲ್ಲಿ ತವರ ಬರೆದೆ, ಸೀಲರು, ಕೂಲಿ.
ಅಜ್ಜನ ಬಿಲ್ಲು ಬೇರೆ, ನನ್ನದು ಬೇರೆ;
ಹತ್ತಿಗೆ ಮಾತ್ರ ದುಡ್ಡು ಹಾಕಲಿಲ್ಲ.
ಉಳಿದದ್ದನ್ನು ಗುಲ್‌ಜಮಾನ್ ಎರಡೂ ಕಿವಿಗೆ ತುರುಕಿಕೊಂಡು
ಮುಂದಿನ ಗಾಡಿಗೆ ಗ್ರೈಂಡರು ಹಚ್ಚಿದ.